ದಯೆ ಬೇಡ, ಕೆಲಸ ಕೊಡಿ!

ಕನ್ನಡದ ಯುವಕ ಯುವತಿಯರೇ,

ನಿಮ್ಮ ಆಫೀಸಿನಲ್ಲೋ ಫ್ಯಾಕ್ಟರಿಯಲ್ಲೋ ಅಂಥವನೊಬ್ಬ ಇದ್ದೇ ಇರುತ್ತಾನೆ. ಮುಖ ಕೊಟ್ಟು ಮಾತಾಡುವುದಿಲ್ಲ. ನಾಲ್ಕು ಕೆಲಸ ಒಟ್ಟಿಗೆ ಹೇಳಿದರೆ ಗಲಿಬಿಲಿಯಾಗುತ್ತಾನೆ. ಓದುವಾಗ ತಡವರಿಸುತ್ತಾನೆ. ಅವನಿಗೆ ನೀವಿಟ್ಟ ಹೆಸರೇನು? 'ಮೆಂಟಲ್', 'ಪೆದ್ದ', 'ಅರೆಹುಚ್ಚ'! ಅವನಿಗಿರುವುದು ಆಟಿಸಂ ಇರಬಹುದು, ಡಿಸ್ಲೆಕ್ಸಿಯಾ ಇರಬಹುದು. ಅವನ ಮಿದುಳು ಕೆಲಸ ಮಾಡುವ ರೀತಿಯೇ ಬೇರೆ. ಅದು ಸೋಮಾರಿತನವೂ ಅಲ್ಲ, ಸೊಕ್ಕೂ ಅಲ್ಲ.

ಇಂಗ್ಲಿಷ್ ಸರಾಗವಾಗಿ ಬಾರದೆಂದು ಇಂಟರ್‌ವ್ಯೂನಲ್ಲಿ ನಮ್ಮ ಹುಡುಗರನ್ನು ಹೊರಹಾಕಿದರೆ ನಾವು ರೊಚ್ಚಿಗೇಳುತ್ತೇವೆ. ಕೆಲಸ ಬರುತ್ತದೋ ನೋಡದೆ ಮಾತು ಬರುತ್ತದೋ ಎಂದು ನೋಡುವುದು ಅನ್ಯಾಯ ಎನ್ನುತ್ತೇವೆ. ಸರಿ. ಹಾಗಾದರೆ ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಡಲಿಲ್ಲವೆಂದು ಆಟಿಸಂ ಇರುವ ಕನ್ನಡಿಗನನ್ನು ಹೊರಹಾಕುವುದು ಯಾವ ನ್ಯಾಯ?

1995ರ ಕಾಯ್ದೆಯಲ್ಲಿ ಅಂಗವೈಕಲ್ಯದ ಬಗೆಗಳು ಬರೀ 7. ಆಟಿಸಂ, ಡಿಸ್ಲೆಕ್ಸಿಯಾ ಅದರಲ್ಲಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಇವೆರಡನ್ನೂ ಸೇರಿಸಿತು. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಶೇ. 4ರ ಮೀಸಲಾತಿಯಲ್ಲಿ ಇವರಿಗೂ ಪಾಲುಂಟು. ಖಾಸಗಿ ಧಣಿಗಳೂ ಪಾರಾಗುವಂತಿಲ್ಲ. ಸೆಕ್ಷನ್ 21ರ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20ಕ್ಕಿಂತ ಕಡಿಮೆ ನೌಕರರಿದ್ದರೂ ಏನೇನು ಅನುಕೂಲ ಕೊಡುತ್ತೇವೆಂದು ಬರೆಯಬೇಕು. ಕಾಯ್ದೆ ಮುರಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ. ಮತ್ತೆ ಮುರಿದರೆ 50 ಸಾವಿರದಿಂದ 5 ಲಕ್ಷ!

ಆದರೆ ಎಷ್ಟು ಆಫೀಸಿನ ಗೋಡೆಯ ಮೇಲೆ ಆ ನೀತಿ ಕಂಡಿದ್ದೀರಿ?

'ಅನುಕೂಲ ಮಾಡಿಕೊಡಲು ದುಡ್ಡೆಲ್ಲಿ?' ಎನ್ನುವ ಧಣಿಗಳೇ, ಕೇಳಿ. ನಾನೂ ಪ್ರೆಸ್ ನಡೆಸಿ ಸಂಬಳ ಕೊಡುವವನೇ. ನನ್ನಲ್ಲಿ ಪ್ರೂಫ್ ನೋಡುವ ಹುಡುಗ ಯಾರ ಮುಖವನ್ನೂ ನೋಡುವುದಿಲ್ಲ. ಆದರೆ ಬಿಟ್ಟುಹೋದ ಒಂದು ಒತ್ತಕ್ಷರವೂ ಅವನ ಕಣ್ಣು ತಪ್ಪಿಸುವುದಿಲ್ಲ. ಅವನಿಗೆ ಮಾಡಿಕೊಟ್ಟದ್ದು ಇಷ್ಟೇ: ಮೆಷಿನ್ ಸದ್ದಿನಿಂದ ದೂರ ಒಂದು ಮೇಜು. ಕೆಲಸವನ್ನು ಕೂಗಿ ಹೇಳದೆ ಚೀಟಿಯಲ್ಲಿ ಬರೆದುಕೊಡುವುದು, ಒಂದು ಮುಗಿದ ಮೇಲೆ ಇನ್ನೊಂದು. ಮದುವೆ ಸೀಸನ್ನಿನಲ್ಲಿ ಓವರ್‌ಟೈಮ್ ಇದ್ದರೆ ಎರಡು ದಿನ ಮೊದಲೇ ತಿಳಿಸುವುದು. ಖರ್ಚು? ಒಂದು ಪ್ಯಾಡು, ಒಂದು ಪೆನ್ನು!

ಓದಲು ತಡವರಿಸುವವನ ಕೈಗೆ ಎರಡು ಪುಟದ ಇಂಗ್ಲಿಷ್ ಸರ್ಕ್ಯುಲರ್ ತುರುಕುವುದು ಬಿದ್ದವನ ಮೇಲೆ ಕಲ್ಲು ಹೇರಿದಂತೆ. ಕನ್ನಡದಲ್ಲಿ ಕೊಡಿ. ಸಣ್ಣ ವಾಕ್ಯ, ದೊಡ್ಡ ಅಕ್ಷರ. ಇಲ್ಲವೇ ಓದಿ ಹೇಳಿ. ಇಂಟರ್‌ವ್ಯೂನಲ್ಲಿ ಬಾಯಿಪಾಠ ಒಪ್ಪಿಸಿಕೊಳ್ಳುವ ಬದಲು ಒಂದು ಗಂಟೆ ಕೆಲಸ ಕೊಟ್ಟು ನೋಡಿ.

ಗೆಳೆಯರೇ, ನಾಳೆಯೇ ನಿಮ್ಮ ಮ್ಯಾನೇಜರನ್ನು ಲಿಖಿತವಾಗಿ ಕೇಳಿ: 'ನಮ್ಮ ಸಂಸ್ಥೆಯ ಸಮಾನ ಅವಕಾಶ ನೀತಿ ಎಲ್ಲಿದೆ?' ಉತ್ತರ ಬಾರದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ. ಪಕ್ಕದವನನ್ನು 'ಮೆಂಟಲ್' ಎಂದವನ ಬಾಯಿಯನ್ನು ಅಲ್ಲೇ, ಆಗಲೇ ಮುಚ್ಚಿಸಿ!