ಕರ್ನಾಟಕದ ಆರೋಗ್ಯ ಸಚಿವರಿಗೆ: ಕ್ಯಾನ್ಸರ್ ತಪಾಸಣೆಯ ಆ್ಯಪನ್ನು ಕುರಿತು ಒಂದು ಅರಿಕೆ



30ರಿಂದ 65 ವರ್ಷದವರೆಲ್ಲರ ಬಾಯಿಯನ್ನೂ, ಸ್ತ್ರೀಯರ ಸ್ತನ ಮತ್ತು ಗರ್ಭಕಂಠಗಳನ್ನೂ ಐದು ವರ್ಷಗಳಿಗೊಮ್ಮೆ ತಪಾಸಣೆ ಮಾಡಬೇಕೆಂದು ಕೇಂದ್ರ ಸರ್ಕಾರವು 2016ರಲ್ಲಿಯೇ ಮಾರ್ಗಸೂಚಿ ಹೊರಡಿಸಿದ್ದರೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49ರ ವಯಸ್ಸಿನ ಸ್ತ್ರೀಯರ ಪೈಕಿ ಗರ್ಭಕಂಠದ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇ. 1.9 ಮಾತ್ರವಾಗಿರುವಾಗ, ಜನಶಿಕ್ಷಣಕ್ಕೊಂದು ಮೊಬೈಲ್ ಆ್ಯಪ್ ಬೇಕೆಂಬ ಆಲೋಚನೆ ಹುಟ್ಟುವುದು ಸಹಜವೇ ಆಗಿದೆ. ಆಲೋಚನೆಯನ್ನು ನಾನು ಸ್ವಾಗತಿಸುತ್ತೇನೆ. ಆದರೆ ಅದನ್ನು ರೂಪಿಸತಕ್ಕವರು ಆ ಮೊಬೈಲು ಮನೆಯಲ್ಲಿ ಯಾರದೆಂಬುದನ್ನು ಮೊದಲು ವಿಚಾರಿಸಬೇಕು.

ನಮ್ಮ ಹಳ್ಳಿಗಳ ಅದೆಷ್ಟೋ ಮನೆಗಳಲ್ಲಿ ಅದು ಗಂಡನದು, ಇಲ್ಲವೆ ಕಾಲೇಜಿಗೆ ಹೋಗುವ ಮಗನದು. ಬಿಳಿಮುಟ್ಟಿನ ವಿಚಾರವನ್ನು ಅತ್ತೆಯೆದುರಿಗೂ ಆಡಲು ನಾಚುವ ಹೆಂಗಸು, ಮಗನ ಫೋನಿಗೆ ಬರುವ ಓಟಿಪಿಯನ್ನು ಅವನಿಂದಲೇ ಕೇಳಿ ಪಡೆದು, ಅವನ ಕಣ್ಣೆದುರಿಗೇ ಗರ್ಭಕಂಠದ ಪಾಠವನ್ನು ತೆರೆದು ಕೂರುವಳೆಂದು ಭಾವಿಸುವುದು ಪೇಟೆಯ ಕಚೇರಿಗಳಲ್ಲಿ ಕುಳಿತವರ ಭ್ರಮೆ. ಆದುದರಿಂದ ನೋಂದಣಿಯೂ ಓಟಿಪಿಯೂ ಇಲ್ಲದೆ ಆ್ಯಪ್ ತೆರೆಯಬೇಕು, ನೋಡಿದ ಗುರುತು ಉಳಿಯಬಾರದು, ಸಿಗ್ನಲ್ ಇಲ್ಲದ ಊರಿನಲ್ಲಿ ಆಶಾ ಕಾರ್ಯಕರ್ತೆಯ ಫೋನಿನಲ್ಲಿಯೂ ನಡೆಯಬೇಕು; ಓದುಬಾರದವಳಿಗೆ ಕಲಬುರಗಿಯಲ್ಲಿ ಕಲಬುರಗಿಯ ಮಾತಿನಲ್ಲಿ, ತಾಂಡಾಗಳಲ್ಲಿ ಲಂಬಾಣಿಯಲ್ಲಿ, ಅವಳಂಥ ಹೆಂಗಸಿನ ದನಿಯೇ ವಿವರಿಸಬೇಕು.

ಆ ದನಿ ಏನನ್ನು ಹೇಳಬೇಕು? ರೋಗದ ಭೀಕರ ಚಿತ್ರಗಳನ್ನು ಕಂಡವಳು ಫೋನನ್ನು ಕೆಳಗಿಡುವಳೇ ಹೊರತು ಆಸ್ಪತ್ರೆಗೆ ಹೊರಡಳು. ನೋವಾಗುವುದೇ, ಪರೀಕ್ಷಿಸುವವರು ಗಂಡಸರೇ, ಮುಟ್ಟಿನ ದಿನಗಳಲ್ಲಿ ಬರಬಹುದೇ, ಕೂಲಿ ತಪ್ಪುವುದೇ ಎಂಬಿವೇ ಅವಳ ಪ್ರಶ್ನೆಗಳು. ದುರ್ಬಲವಾದ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಸವರಿ, ಒಂದು ನಿಮಿಷ ಕಾದು, ಬಿಳುಪೇರಿದ ಭಾಗವುಂಟೇ ಎಂದು ನೋಡುವುದಿಷ್ಟೇ ಆ ಪರೀಕ್ಷೆ, ಬಿಳುಪು ಕಂಡಮಾತ್ರಕ್ಕೆ ಅದು ಕ್ಯಾನ್ಸರಲ್ಲ ಎಂಬುದನ್ನು ನಿಧಾನವಾಗಿ, ಎರಡು ಸಲ ಹೇಳಬೇಕು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ನಡೆಸಿದ ಪ್ರಯೋಗದಲ್ಲಿ, ಕೇವಲ ಹತ್ತನೆಯ ತರಗತಿಯವರೆಗೆ ಓದಿದ ಕಾರ್ಯಕರ್ತೆಯರು ತರಬೇತಿ ಪಡೆದು ಇದೇ ಪರೀಕ್ಷೆಯನ್ನು ಮಾಡಿದುದರಿಂದ ಗರ್ಭಕಂಠದ ಕ್ಯಾನ್ಸರಿನ ಮರಣಗಳು ಶೇ. 31ರಷ್ಟು ತಗ್ಗಿದವು.

ಇನ್ನೊಂದು ಮಾತು ತಮಗೆ ರುಚಿಸದಿರಬಹುದು. ಅಡಿಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ, ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗವು 2004ರಲ್ಲಿ ವರ್ಗೀಕರಿಸಿರುವುದು, ದೇಶದಲ್ಲಿಯೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಮ್ಮ ರಾಜ್ಯದ ಸರ್ಕಾರಕ್ಕೆ ಇರುಸುಮುರುಸಿನ ವಿಷಯವೆಂದು ಬಲ್ಲೆ. ಹಾಗೆಂದು ಆ್ಯಪಿನಲ್ಲಿ ಬಾಯಿಯ ಬಿಳಿ ಮಚ್ಚೆ, ಮಾಯದ ಹುಣ್ಣು, ಬಾಯಿ ತೆರೆಯಲಾಗದ ಬಿಗಿತಗಳನ್ನು ವಿವರಿಸುವಾಗ ತಂಬಾಕನ್ನು ಮಾತ್ರ ದೂಷಿಸಿ ಅಡಿಕೆಯ ಬಳಿ ಮೌನ ತಾಳುವುದು ಅನ್ಯಾಯವಾದೀತು.

ಆ್ಯಪಿನ ಕಡೆಯ ಪುಟದಲ್ಲಿ 'ವೈದ್ಯರನ್ನು ಸಂಪರ್ಕಿಸಿ' ಎಂದು ಬರೆದು ಕೈತೊಳೆದುಕೊಳ್ಳುವ ಪದ್ಧತಿಯನ್ನು ದಯವಿಟ್ಟು ನಿಷೇಧಿಸಿರಿ. ಯಾವ ಆರೋಗ್ಯ ಕೇಂದ್ರ, ಯಾವ ವಾರ, ಎಷ್ಟು ಗಂಟೆಗೆ, ಅಂದು ತರಬೇತಾದ ದಾದಿ ಇರುವರೇ ಎಂಬುದು ಅಲ್ಲಿರಬೇಕು; ಆ ವಿವರ ಇಲಾಖೆಯ ಬಳಿಯೇ ಇಲ್ಲದ ತಾಲ್ಲೂಕಿನಲ್ಲಿ ಆ್ಯಪಿಗಿಂತ ಮೊದಲು ದಾದಿಗೆ ಹಣ ಕೊಡಿರಿ. ಟೆಂಡರ್ ಕರೆಯುವ ಮುನ್ನ ಆ್ಯಪಿನ ಕರಡನ್ನು ರಾಯಚೂರು ಜಿಲ್ಲೆಯ ಯಾವುದಾದರೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ, ಅಧಿಕಾರಿಗಳು ದೂರವಿದ್ದು, ಆಶಾ ಕಾರ್ಯಕರ್ತೆಯರಿಂದ ಪರೀಕ್ಷೆ ಮಾಡಿಸಿ, ಅವರು ಬೇಡವೆಂದುದನ್ನು ತೆಗೆಯುವ ಷರತ್ತನ್ನು ಗುತ್ತಿಗೆಯಲ್ಲಿ ಸೇರಿಸಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ಓರ್ವ ನಾಗರಿಕ