ಮಾಗಿಯ ಮಹಡಿಯಲ್ಲಿ ಮನೆಯ ಸೊಪ್ಪು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ವ್ಯಂಗ್ಯವಾಗಿ ಆಡಿದರೇ ಹೊರತು ಉಪದೇಶವಾಗಿ ಅಲ್ಲ. ಕೈಗೆಟುಕುವ ವಸ್ತುವಿನ ಬೆಲೆ ನಮಗೆ ತಿಳಿಯದು ಎಂಬುದೇ ಅದರ ತಿರುಳು. ಈಗ ನಗರದ ಎಷ್ಟೋ ಮನೆಗಳಲ್ಲಿ ಹಿತ್ತಲೇ ಇಲ್ಲ. ಆದರೆ ಮಹಡಿಯುಂಟು, ಬಿಸಿಲು ಬೀಳುವ ಮೊಗಸಾಲೆಯುಂಟು. ದೀಪಾವಳಿ ಕಳೆದು ಮಾಗಿಯ ಚಳಿ ಅಡಿಯಿಟ್ಟಿತೆಂದರೆ, ಅಷ್ಟೇ ಜಾಗದಲ್ಲಿ ಒಂದು ಸಂಸಾರಕ್ಕೆ ಬೇಕಾದ ಸೊಪ್ಪನ್ನು ಸಂಕ್ರಾಂತಿಯ ಆಚೆಗೂ ಬೆಳೆದುಕೊಳ್ಳಬಹುದು.

ಬೆಂಗಳೂರು, ಮೈಸೂರುಗಳ ಚಳಿಗಾಲ ಗಿಡಗಳಿಗೆ ಕೇಡು ಮಾಡುವಂಥದಲ್ಲ. ಬೆಂಗಳೂರಿನಲ್ಲಿ ಜನವರಿಯ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 15-16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು. ಈ ಹಿತವಾದ ತಂಪು ಮೆಂತ್ಯ, ಪಾಲಕ್, ಕೊತ್ತಂಬರಿ, ಸಬ್ಬಸಿಗೆಗಳಿಗೆ ಬಲು ಪ್ರಿಯ. ಬೇಸಗೆಯಲ್ಲಿ ಬಿತ್ತಿದ ಕೊತ್ತಂಬರಿ ಎಲೆ ತುಂಬುವ ಮೊದಲೇ ಹೂವಿಗೆ ನಿಲ್ಲುವುದನ್ನು ತಾವು ಕಂಡಿರಬಹುದು. ದಂಟು, ಬಸಳೆಗಳದು ಬೇರೆಯೇ ಸ್ವಭಾವ. ಅವು ಸೆಕೆಯನ್ನು ಬಯಸುವುದರಿಂದ ಚಳಿಯಲ್ಲಿ ನಿಧಾನವಾಗಿ ಬೆಳೆಯುವವು.

ಬೀದಿಯಲ್ಲಿ ಸೊಪ್ಪು ಸಿಗುತ್ತಿರುವಾಗ ಈ ಶ್ರಮವೇಕೆ ಎಂದು ಕೇಳುವವರುಂಟು. ಕೊಳಚೆ ನೀರು ಸೇರುವ ಕೆರೆಗಳ ಕೆಳಗೆ ಬೆಳೆದ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂಗಳಂಥ ಲೋಹಗಳು ಪರೀಕ್ಷೆಗಳಲ್ಲಿ ಕಂಡುಬಂದಿವೆ. ಬೇರಿನ ಮೂಲಕ ಎಲೆಯೊಳಗೆ ಸೇರಿದ ಲೋಹ ಎಷ್ಟು ಸಲ ತೊಳೆದರೂ ಹೋಗದು. ಅದು ಸೊಪ್ಪು ಮಾರುವಾಕೆಯ ತಪ್ಪಲ್ಲ. ನಗರವೇ ತನ್ನ ಕೆರೆಗಳಿಗೆ ಮಾಡಿದ ಅಪಚಾರ. ಆದರೆ ಊಟ ಮಾಡುವವರು ನಮ್ಮ ಮಕ್ಕಳು.

ಇನ್ನು ಬೆಳೆಯುವ ಬಗೆ. ಏಳೆಂಟು ಅಂಗುಲ ಆಳವುಳ್ಳ, ತಳದಲ್ಲಿ ರಂಧ್ರಗಳಿರುವ ನಾಲ್ಕು ತೊಟ್ಟಿಗಳು ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿರಿ. ಈ ತಿಂಗಳುಗಳಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿ ಸಂಚರಿಸುವುದರಿಂದ ಕಟ್ಟಡದ ಉತ್ತರ ಮಗ್ಗುಲು ನೆರಳಿನಲ್ಲಿ ಮುಳುಗಿರುವುದು. ಆದಕಾರಣ ತೊಟ್ಟಿಗಳನ್ನು ದಕ್ಷಿಣದ ಬಿಸಿಲಿಗೆ ಇಡಿರಿ; ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೇಕು.

ಅಡುಗೆಮನೆಯ ಮೆಂತ್ಯವೇ ಬೀಜವಾದೀತು. ರಾತ್ರಿ ನೆನೆಹಾಕಿ ಬೆಳಗ್ಗೆ ಬಿತ್ತಿದರೆ ನಾಲ್ಕೈದು ದಿನಗಳಲ್ಲಿ ಮೊಳೆತು, ತಿಂಗಳೊಳಗಾಗಿ ಕೀಳಲು ಬರುವುದು. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜಗಳಿರುವುವು. ಅಂಗೈಯಲ್ಲಿಟ್ಟು ಮೆಲ್ಲಗೆ ಉಜ್ಜಿ, ಎರಡಾಗಿ ಒಡೆದು ಬಿತ್ತಬೇಕು. ಅದು ಮೊಳೆಯಲು ಹತ್ತು ದಿನಗಳಾದರೂ ಹಿಡಿಯುವುದರಿಂದ ಆತುರಪಟ್ಟು ಮಣ್ಣು ಕೆದಕಬಾರದು. ಪಾಲಕ್ ಬೇಕೆನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನುಪಮಾ’ ತಳಿಯುಂಟು. ಹೊರಗಿನ ಎಲೆಗಳನ್ನಷ್ಟೇ ಕೊಯ್ದು ನಡುವಿನ ಸುಳಿಯನ್ನು ಉಳಿಸಿದರೆ ಮತ್ತೆ ಮತ್ತೆ ಚಿಗುರುವುದು. ಸಬ್ಬಸಿಗೆಯನ್ನಂತೂ ಮರೆಯಬೇಡಿ, ಅವರೆಕಾಯಿಯ ಸೊಗಡಿನ ಕಾಲದಲ್ಲಿ ಅದಿಲ್ಲದ ಅಕ್ಕಿರೊಟ್ಟಿ ಸಪ್ಪೆಯೇ ಸರಿ.

ಉತ್ಸಾಹದ ಭರದಲ್ಲಿ ನಾಲ್ಕೂ ತೊಟ್ಟಿಗಳಿಗೆ ಒಂದೇ ದಿನ ಮೆಂತ್ಯ ಬಿತ್ತಿದರೆ, ಒಂದು ವಾರ ನೆರೆಮನೆಗೂ ಹಂಚುವಷ್ಟು ಸೊಪ್ಪು. ಮುಂದಿನ ವಾರಗಳಲ್ಲಿ ಬರಿಯ ಮಣ್ಣು. ವಾರಕ್ಕೊಂದು ತೊಟ್ಟಿಯಂತೆ ಬಿತ್ತಿದರೆ, ನಾಲ್ಕನೆಯದು ಮೊಳೆಯುವ ಹೊತ್ತಿಗೆ ಮೊದಲನೆಯದು ಕೊಯ್ಲಿಗೆ ಸಿದ್ಧ. ಅದು ಬರಿದಾದೊಡನೆ ಒಂದು ಬೊಗಸೆ ಗೊಬ್ಬರ ಬೆರೆಸಿ ಪುನಃ ಬಿತ್ತಿರಿ. ಹೀಗೆ ವಾರವಾರವೂ ಒಂದೊಂದು ಕಟ್ಟು ಕೈಗೆ ಬರುವುದು.

ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಹಾಕಬೇಕು. ಮಾಗಿಯ ಇಬ್ಬನಿಯಿಂದ ನೆನೆಯುವ ಎಲೆಗೆ ಸಂಜೆಯ ನೀರೂ ಸೇರಿದರೆ ಬೂಷ್ಟು ಹಿಡಿಯುವ ಭಯವುಂಟು. ಚಳಿಯಲ್ಲಿ ಮಣ್ಣು ಬೇಗ ಒಣಗದಾದ್ದರಿಂದ ಬೆರಳಿಟ್ಟು ನೋಡಿ, ತೇವವಿದ್ದರೆ ಬಿಟ್ಟುಬಿಡಿರಿ. ಹೇನು ಕಂಡರೆ ನೀರು ಚಿಮ್ಮಿಸಿ ತೊಳೆಯಿರಿ.

ಕೊನೆಯದಾಗಿ ಗೃಹಿಣಿಯರಿಗೆ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುವವರು. ಎಲ್ಲರಿಗೂ ಬಡಿಸಿ, ತಳದಲ್ಲಿ ಮಿಕ್ಕ ಹುಳಿಯಲ್ಲಿ ಅನ್ನ ಕಲೆಸಿಕೊಳ್ಳುವ ಅಭ್ಯಾಸವುಳ್ಳವರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಸೊಪ್ಪೊಂದೇ ಇದಕ್ಕೆ ಮದ್ದೆಂದು ಹೇಳಲಾಗದು. ಆಯಾಸ, ಏದುಸಿರು ಇದ್ದವರು ವೈದ್ಯರನ್ನು ಕಾಣಲೇಬೇಕು. ಆದರೆ ಕೊಯ್ದ ದಿನವೇ ಬೇಯಿಸಿದ ಸೊಪ್ಪು, ಅದರ ಮೇಲೆ ಹಿಂಡಿದ ನಿಂಬೆಹಣ್ಣು ದೇಹಕ್ಕೆ ಬಲು ಉಪಕಾರಿ. ನಿಂಬೆಯ ಹುಳಿ ಸೊಪ್ಪಿನ ಕಬ್ಬಿಣವನ್ನು ಮೈಗೂಡಿಸಲು ನೆರವಾಗುವುದು. ಊಟದ ಬೆನ್ನಿಗೇ ಕುಡಿಯುವ ಕಾಫಿ ಅದಕ್ಕೆ ಅಡ್ಡಿ ಮಾಡುವುದು. ಕಾಫಿಗೆ ಒಂದು ಗಂಟೆಯ ವಿರಾಮ ಕೊಡಿರಿ.

ಈ ಭಾನುವಾರವೇ ಒಂದು ಹಿಡಿ ಮೆಂತ್ಯ ನೆನೆಹಾಕಿ. ಬಿತ್ತುವ ಕೆಲಸವನ್ನು ಮಕ್ಕಳಿಗೂ, ನೀರು ಹಾಕುವ ಕೆಲಸವನ್ನು ಯಜಮಾನರಿಗೂ ಒಪ್ಪಿಸಬಹುದು. ತಿಂಗಳ ತರುವಾಯ ಮೊದಲ ಕಟ್ಟು ಅಡುಗೆಮನೆಗೆ ಬಂದಾಗ, ಬಡಿಸುವ ಮೊದಲೇ ತಮ್ಮ ಪಾಲಿನ ಪಲ್ಯವನ್ನು ಒಂದು ಬಟ್ಟಲಲ್ಲಿ ತೆಗೆದಿರಿಸಿಕೊಳ್ಳಿರಿ.