34 ಇಂಚಿನ ಪರದೆಯಲ್ಲಿ ಕನ್ನಡಕ್ಕೆ ಜಾಗವಿಲ್ಲವೇ?

ಬೆಂಗಳೂರು ಸೇರಿದ ನಮ್ಮ ಸೀಮೆಯ ತರುಣರೇ! ಲ್ಯಾಪ್‌ಟಾಪಿಗೆ 34 ಇಂಚಿನ ಅಲ್ಟ್ರಾವೈಡ್ ಮಾನಿಟರ್ ಜೋಡಿಸಿಕೊಂಡು ಕೂತಿದ್ದೀರಿ. ಸಂತೋಷ. ಆರ್.ಎಚ್. ಕ್ಯಾಂಪಿನ ನನ್ನ ಪ್ರೆಸ್ಸಿನಲ್ಲೂ ಅಂಥದ್ದೇ ಇದೆ. ಎಡಕ್ಕೆ ಕೈಬರಹದ ಫೋಟೋ, ಬಲಕ್ಕೆ ಪುಟ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ಗೋಜಿಲ್ಲ, ಒತ್ತಕ್ಷರ ತಪ್ಪಿದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಆದರೆ ರಾಜ್ಯೋತ್ಸವಕ್ಕೆಂದು ನೀವು ವಾಟ್ಸಾಪಿನಲ್ಲಿ ಕಳಿಸುವ ಕರಪತ್ರ? ಇಂಗ್ಲಿಷ್ ಅಕ್ಷರದ ಕನ್ನಡ! ಅದರಲ್ಲಿ ಹಳ್ಳಿ ಯಾವುದು, ಹಲ್ಲಿ ಯಾವುದು? ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡವಿದೆ. ಕೆ.ಪಿ. ರಾವ್ ಅವರ ವಿನ್ಯಾಸವಿದ್ದರೆ ನಿಮ್ಮ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಟೈಪಿಸಬಹುದು. ಇನ್ನೇನು ಅಡ್ಡಿ? ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ನಮ್ಮ ಕ್ಯಾಂಪಿನ ಬಂಗಾಳಿಗಳು ಲಗ್ನಪತ್ರಿಕೆಗೆ ಇಂದಿಗೂ ಬಂಗಾಳಿ ಲಿಪಿ ಕೇಳುತ್ತಾರೆ. ಮನೆಮಠ ಹೋದರೂ ಅಕ್ಷರ ಬಿಡಲಿಲ್ಲ ಅವರು. ಸ್ವಂತ ನೆಲದಲ್ಲಿ ಕೂತ ನಿಮಗೇನು ಬಂತು ರೋಗ? ಮುಂದಿನ ಕರಪತ್ರ ಕನ್ನಡ ಅಕ್ಷರದಲ್ಲೇ ಬರಲಿ. ಇಲ್ಲವಾದರೆ ಅಚ್ಚಿಗೆ ಹಾಕುವುದಿಲ್ಲ!